ಲೋಕದ ನಡುವೆ ದೇವರಿಗೆ ಮೀಸಲಾಗಿ ಬಾಳುವುದು: ವಿಶ್ವಾಸಿಗಳಿಗೊಂದು ಹಂತ ಹಂತದ ಮಾರ್ಗದರ್ಶಿ

ನಾಗರ ಪಂಚಮಿ ಬಂದಾಗ ಪಕ್ಕದ ಮನೆಯವರು ಕೊಟ್ಟ ಉಂಡಿಯನ್ನು ತಿನ್ನಬಹುದೇ? ಗಣೇಶ ಚತುರ್ಥಿಗೆ ಪಟ್ಟಿ (ಚಂದಾ) ಎತ್ತಲು ಬಂದ ಓಣಿಯ ಹುಡುಗರಿಗೆ ಏನು ಹೇಳಬೇಕು? ದಸರೆಯ ಸಂಜೆ ಹಿರಿಯರೊಬ್ಬರು ಬನ್ನಿ ಎಲೆಯನ್ನು ಕೈಗಿಟ್ಟರೆ ತೆಗೆದುಕೊಳ್ಳಬೇಕೋ ಬೇಡವೋ? ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಸಣ್ಣ ಕ್ರೈಸ್ತ ಸಭೆಗಳಲ್ಲಿ ಸತ್ಯವೇದದ (ಬೈಬಲಿನ) ಪಾಠ ಹೇಳುವ ನನಗೆ ಈ ಪ್ರಶ್ನೆಗಳು ವರ್ಷಕ್ಕೊಮ್ಮೆ ತಪ್ಪದೆ ಬರುತ್ತವೆ. ಹೊಸದಾಗಿ ದೀಕ್ಷಾಸ್ನಾನ ಪಡೆದವರೂ ಕೇಳುತ್ತಾರೆ, ಮೂರು ತಲೆಮಾರಿನಿಂದ ಸಭೆಯಲ್ಲಿರುವ ಮನೆಗಳವರೂ ಕೇಳುತ್ತಾರೆ. ಒಂದೊಂದಕ್ಕೂ ಹೌದು ಅಥವಾ ಇಲ್ಲ ಎಂದು ಉತ್ತರಿಸುತ್ತಾ ಹೋದರೆ ಮುಂದಿನ ಹಬ್ಬಕ್ಕೆ ಮತ್ತೊಂದು ಪ್ರಶ್ನೆ ಹುಟ್ಟುತ್ತದೆಯೇ ಹೊರತು ನಿಮಗೆ ನೀವೇ ತೂಗಿ ನೋಡುವ ಶಕ್ತಿ ಬರುವುದಿಲ್ಲ. ಆದ್ದರಿಂದ ಇಲ್ಲಿ ಆ ತೂಗುವ ಕ್ರಮವನ್ನೇ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಮೂರು ಮಾತುಗಳ ಅರ್ಥ

‘ಲೋಕ’ ಎಂಬ ಮಾತು ಸತ್ಯವೇದದಲ್ಲಿ ಎಲ್ಲ ಕಡೆಯೂ ಒಂದೇ ಅರ್ಥದಲ್ಲಿ ಬರುವುದಿಲ್ಲ. ಗ್ರೀಕ್ ಮೂಲದ ‘ಕೊಸ್ಮೊಸ್’ ಎಂಬ ಪದ ಒಮ್ಮೆ ದೇವರು ಉಂಟುಮಾಡಿದ ಸೃಷ್ಟಿಯನ್ನೂ, ಒಮ್ಮೆ ದೇವರು ಪ್ರೀತಿಸಿದ ಮನುಷ್ಯಕುಲವನ್ನೂ, ಇನ್ನೊಮ್ಮೆ ದೇವರನ್ನು ಬದಿಗಿಟ್ಟು ನಡೆಯುವ ರೂಢಿಯನ್ನೂ ಸೂಚಿಸುತ್ತದೆ. ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ದೇವರು ಲೋಕವನ್ನು ಪ್ರೀತಿಸಿದನೆಂದು ಓದುತ್ತೇವೆ. ಅದೇ ಯೋಹಾನನ ಮೊದಲನೆಯ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಲೋಕವನ್ನು ಪ್ರೀತಿಸಬೇಡಿರೆಂಬ ಮಾತಿದೆ. ಮೊದಲನೆಯದು ಜನ, ಎರಡನೆಯದು ರೂಢಿ. ನಾವು ದೂರವಿಡಬೇಕಾದದ್ದು ಈ ರೂಢಿಯೆಂಬ ಅರ್ಥದ ಲೋಕವನ್ನು ಮಾತ್ರ. ಈ ಒಂದು ಭೇದವನ್ನು ಗಮನಿಸದೆ ಹೋದದ್ದರಿಂದಲೇ ಎಷ್ಟೋ ಮಂದಿ ನೆರೆಯವರೊಂದಿಗೆ ಮಾತು ಬಿಟ್ಟಿದ್ದಾರೆ.

‘ಪರಿಶುದ್ಧ’ ಎಂಬುದಕ್ಕೆ ಇಬ್ರಿಯ ಭಾಷೆಯಲ್ಲಿರುವ ಪದ ‘ಕಾದೋಶ್’. ಬೇರೆಯಾಗಿ ಇಡಲ್ಪಟ್ಟದ್ದು ಎಂಬ ಭಾವ ಅದರಲ್ಲಿದೆ. ನಮ್ಮ ಕಡೆಯವರ ಕಿವಿಗೆ ಈ ಮಾತು ಬಿದ್ದ ಕೂಡಲೇ ಮಡಿ ಮತ್ತು ಮೈಲಿಗೆ ನೆನಪಾಗುವುದು ಸಹಜ. ಆದರೆ ಅದಕ್ಕಿಂತ ಹತ್ತಿರದ ಮಾತು ನಮ್ಮಲ್ಲೇ ಇದೆ, ಅದು ‘ಮೀಸಲು’. ಹಳ್ಳಿಯ ಮನೆಗಳಲ್ಲಿ ಮೀಸಲು ಹಾಲು ಎಂದು ಎತ್ತಿಟ್ಟರೆ ಆ ಹಾಲು ಬೇರೆ ಹಾಲನ್ನು ಕೀಳೆಂದು ನೋಡಿ ದೂರ ನಿಂತದ್ದಲ್ಲ. ಅದನ್ನು ಒಬ್ಬರಿಗಾಗಿ ಎತ್ತಿಟ್ಟಿದ್ದಾರೆ ಅಷ್ಟೆ. ಮಡಿಯಲ್ಲಿರುವವರು ಮುಟ್ಟಿಸಿಕೊಳ್ಳಲು ಹೆದರಬೇಕಾಗುತ್ತದೆ. ಯೇಸುವಾದರೋ ಕುಷ್ಠರೋಗಿಯನ್ನು ಕೈನೀಡಿ ಮುಟ್ಟಿದನೆಂದು ಮಾರ್ಕನ ಸುವಾರ್ತೆಯ 1ನೇ ಅಧ್ಯಾಯ ಹೇಳುತ್ತದೆ. ಅಲ್ಲಿ ಯೇಸುವಿಗೆ ಮೈಲಿಗೆ ತಗಲಲಿಲ್ಲ, ರೋಗಿಯೇ ಶುದ್ಧನಾದನು.

ಮೂರನೆಯದು ‘ಪ್ರತ್ಯೇಕತೆ’, ಅಂದರೆ ದೇವರಿಗೆ ಮೀಸಲಾದ ಕಾರಣದಿಂದ ಕೆಲವು ನಡವಳಿಕೆಗಳನ್ನು ಬಿಡುವುದು. ಮೀಸಲಾಗುವುದು ಮುಂಚೆ, ಬಿಡುವುದು ಆಮೇಲೆ. ಈ ಕ್ರಮ ತಿರುವುಮುರುವಾದರೆ ಬಿಟ್ಟದ್ದರ ಲೆಕ್ಕವೇ ನಮ್ಮ ಭಕ್ತಿಯಾಗಿಬಿಡುತ್ತದೆ.

ಬೇಕಾದವುಗಳು

ಒಂದು ಸತ್ಯವೇದ, ಒಂದು ನೋಟ್‌ಬುಕ್, ಮತ್ತು ನಿಮ್ಮ ತಪ್ಪನ್ನು ಕೇಳಿ ಊರಿಗೆ ಹೇಳದಂಥ ಒಬ್ಬ ಹಿರಿಯ ವಿಶ್ವಾಸಿ. ಅವಧಿಯೆಂದು 40 ದಿನಗಳನ್ನು ಇಟ್ಟುಕೊಳ್ಳಿ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಮಾಡಬಹುದು, ವರ್ಷದ ಬೇರೆ ಯಾವ ತಿಂಗಳಲ್ಲಾದರೂ ಮಾಡಬಹುದು. ನೀವು ಕಥೋಲಿಕ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್, ಪೆಂತೆಕೋಸ್ತ, ಯಾವ ಸಭೆಯವರಾದರೂ ಆಗಿರಬಹುದು. ಕೆಲವು ಆಚರಣೆಗಳಲ್ಲಿ ಸಭೆಯಿಂದ ಸಭೆಗೆ ವ್ಯತ್ಯಾಸವಿರುವುದರಿಂದ ಆರಂಭಿಸುವ ಮುಂಚೆ ನಿಮ್ಮ ಸಭಾಪಾಲಕರಿಗೆ ಅಥವಾ ಗುರುಗಳಿಗೆ ಒಂದು ಮಾತು ತಿಳಿಸಿರಿ.

1. ಇಡೀ ಅಧ್ಯಾಯಗಳನ್ನು ಓದಿರಿ, ಒಂದೇ ವಚನವನ್ನು ಹಿಡಿಯಬೇಡಿರಿ

ಮೊದಲ ವಾರ ಬೇರೇನನ್ನೂ ಬದಲಿಸದೆ ಓದುವುದಕ್ಕೆ ಕೊಡಿರಿ. ಯೋಹಾನನ ಸುವಾರ್ತೆ 17, ಯಾಜಕಕಾಂಡ 19, ರೋಮಾಪುರದವರಿಗೆ ಬರೆದ ಪತ್ರಿಕೆ 12, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 5 ಮತ್ತು 8ರಿಂದ 10ನೇ ಅಧ್ಯಾಯಗಳು, ಯಾಕೋಬನ ಪತ್ರಿಕೆ 1 ಮತ್ತು 2: ಇಷ್ಟು ಸಾಕು. ಯೋಹಾನ 17ರಲ್ಲಿ ಯೇಸು ತನ್ನ ಶಿಷ್ಯರನ್ನು ಲೋಕದೊಳಗಿಂದ ತೆಗೆದುಬಿಡಬೇಕೆಂದು ಪ್ರಾರ್ಥಿಸಲಿಲ್ಲ, ಕೆಡುಕಿನಿಂದ ಕಾಪಾಡಬೇಕೆಂದು ಪ್ರಾರ್ಥಿಸಿದನು. ತಂದೆ ತನ್ನನ್ನು ಕಳುಹಿಸಿದಂತೆ ತಾನೂ ಅವರನ್ನು ಲೋಕಕ್ಕೆ ಕಳುಹಿಸಿದ್ದೇನೆಂದೂ ಹೇಳಿದನು.

ಇಲ್ಲಿ ಎಡವುವವರು ಬಹಳ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಅವರ ಮಧ್ಯದಿಂದ ಹೊರಟುಬಂದು ಪ್ರತ್ಯೇಕವಾಗಿರಿ ಎಂಬ ಮಾತಿದೆ. ಅದೊಂದನ್ನೇ ಹಿಡಿದು ಅಣ್ಣತಮ್ಮಂದಿರ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟವರಿದ್ದಾರೆ. ಆದರೆ ಅದೇ ಪೌಲನು ಮೊದಲನೆಯ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಹೊರಗಿನವರ ಸಹವಾಸವನ್ನೇ ಬಿಡಬೇಕೆಂದು ತಾನು ಹೇಳಿಲ್ಲ, ಹಾಗೆ ಮಾಡುವುದಾದರೆ ಲೋಕವನ್ನೇ ಬಿಟ್ಟುಹೋಗಬೇಕಾಗುತ್ತದೆ ಎಂದು ಸ್ಪಷ್ಟಪಡಿಸುತ್ತಾನೆ. ಅವನು ಅಲ್ಲಿ ದೂರವಿಡಲು ಹೇಳಿದ್ದು ವಿಶ್ವಾಸಿಯೆಂಬ ಹೆಸರಿಟ್ಟುಕೊಂಡು ಲೋಭದಲ್ಲಿಯೂ ವ್ಯಭಿಚಾರದಲ್ಲಿಯೂ ನಡೆಯುವವನನ್ನು. ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿದವರಿಗೆ ಮುಂದಿನ ಹಂತಗಳು ಸುಲಭವಾಗುತ್ತವೆ.

2. ಒಂದು ವಾರದ ಲೆಕ್ಕ ಬರೆಯಿರಿ

ಎರಡನೆಯ ವಾರ ನೋಟ್‌ಬುಕ್ಕಿನಲ್ಲಿ ಪ್ರತಿ ರಾತ್ರಿ ಮೂರು ಸಾಲು ಬರೆಯಿರಿ: ಇಂದು ಹಣ ಎಲ್ಲಿಗೆ ಹೋಯಿತು, ಬಿಡುವಿನ ಹೊತ್ತು ಎಲ್ಲಿಗೆ ಹೋಯಿತು, ಯಾರ ಬಗ್ಗೆ ಅವರ ಹಿಂದೆ ಏನು ಮಾತಾಡಿದೆ. ಯೋಹಾನನ ಪತ್ರಿಕೆ ಲೋಕದ ಎಳೆತವನ್ನು ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬ ಎಂದು ಮೂರಾಗಿ ವಿಂಗಡಿಸಿದೆ. ವಾರದ ಕೊನೆಗೆ ನಿಮ್ಮ ಸಾಲುಗಳ ಎದುರಿಗೆ ಈ ಮೂರರಲ್ಲಿ ಯಾವುದು ಹೊಂದುತ್ತದೆಯೋ ಅದನ್ನು ಗುರುತು ಮಾಡಿರಿ. ರಾತ್ರಿ ಹನ್ನೊಂದರವರೆಗೆ ಮೊಬೈಲಿನಲ್ಲಿ ರೀಲ್ಸ್ ನೋಡಿದ್ದು ಕಣ್ಣಿನಾಶೆಯಾಗಿರಬಹುದು, ದಣಿವೂ ಆಗಿರಬಹುದು. ಬೀಗರ ಮುಂದೆ ಕೀಳಾಗಬಾರದೆಂದು ಸಾಲ ಮಾಡಿ ಬಂಗಾರ ಕೊಂಡದ್ದು ಮಾತ್ರ ಸಂಶಯವಿಲ್ಲದೆ ಡಂಬ. ಈ ವಾರ ತಿದ್ದಲು ಹೋಗಬೇಡಿರಿ, ಬರೆಯಿರಿ ಅಷ್ಟೆ. ಬರೆಯುವಾಗಲೇ ತಿದ್ದತೊಡಗಿದರೆ ಲೆಕ್ಕ ಸುಳ್ಳಾಗುತ್ತದೆ.

3. ತಿದ್ದುವುದನ್ನು ಹಣದಿಂದ ಆರಂಭಿಸಿರಿ

ಪ್ರತ್ಯೇಕತೆ ಎಂದೊಡನೆ ಹೆಚ್ಚಿನವರು ಉಡುಪು ಅಥವಾ ಹಬ್ಬದಿಂದ ಆರಂಭಿಸುತ್ತಾರೆ. ನಾನು ಹಾಗೆ ಹೇಳಿಕೊಡುವುದಿಲ್ಲ. ದೇವರು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು ಎಂದು ಆರಂಭವಾಗುವ ಯಾಜಕಕಾಂಡ 19ನೇ ಅಧ್ಯಾಯ ಹೊಲದ ಅಂಚಿನ ಪೈರನ್ನು ಬಡವರಿಗಾಗಿ ಬಿಡಬೇಕೆನ್ನುತ್ತದೆ, ಕೂಲಿಯಾಳಿನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದೆನ್ನುತ್ತದೆ, ತಕ್ಕಡಿಯೂ ಕಲ್ಲೂ ಅಳತೆಯೂ ನ್ಯಾಯವಾಗಿರಬೇಕೆನ್ನುತ್ತದೆ. ಪರಿಶುದ್ಧತೆ ಅಲ್ಲಿ ಹೊಲಕ್ಕೂ ಪೇಟೆಗೂ ಇಳಿಯುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಸಂದರ್ಭಗಳು ಕಡಿಮೆಯಿಲ್ಲ. ಕಬ್ಬಿನ ಹಂಗಾಮಿನಲ್ಲಿ ಕಟಾವಿಗೆ ಬಂದ ತಂಡಕ್ಕೆ ಕೊಡಬೇಕಾದ ಹಣವನ್ನು ಕಾರ್ಖಾನೆಯ ಬಿಲ್ಲು ಬರಲಿ ಎಂದು ಮುಂದೂಡುವ ವಿಶ್ವಾಸಿ, ಜೋಳ ಅಳೆಯುವಾಗ ಕೈ ಬಿಗಿಹಿಡಿಯುವ ವಿಶ್ವಾಸಿ, ಸಂಘದಿಂದ ಕಡಿಮೆ ಬಡ್ಡಿಗೆ ಸಾಲ ಎತ್ತಿ ಅದನ್ನೇ ಕಷ್ಟದಲ್ಲಿರುವ ನೆರೆಯವಳಿಗೆ ಹೆಚ್ಚಿನ ಬಡ್ಡಿಗೆ ಕೊಡುವ ವಿಶ್ವಾಸಿ, ಇವರೆಲ್ಲ ಬನ್ನಿ ಎಲೆಯನ್ನು ಮುಟ್ಟದೆ ಇದ್ದಮಾತ್ರಕ್ಕೆ ಲೋಕದಿಂದ ಬೇರೆಯಾದಂತಾಗಲಿಲ್ಲ. ಓಸಿ, ಮಟಕಾ, ಕ್ರಿಕೆಟ್ ಬೆಟ್ಟಿಂಗು, ಮೊಬೈಲಿನ ರಮ್ಮಿ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ; ಇವತ್ತೇ ಬಿಡಿರಿ, ಬಿಡಲಾಗದಿದ್ದರೆ ಇವತ್ತೇ ಆ ಹಿರಿಯರಿಗೆ ಹೇಳಿರಿ.

ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ ‘ಪ್ರೀತಿಯ ಕಾಣಿಕೆ’ ಎಂದು ಹೆಸರಿಟ್ಟು, ಸಭೆಯಲ್ಲಿ ಪ್ರಾರ್ಥನೆ ಮಾಡಿ ಸ್ವೀಕರಿಸುವುದು ಲೋಕರೂಢಿಗೆ ದೇವರ ಹೆಸರನ್ನು ಹೊದಿಸಿದಂತೆ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಏಕೆಂದರೆ ಇದು ನಮ್ಮ ಒಳ್ಳೆಯ ಮನೆಗಳಲ್ಲೇ ನಡೆಯುತ್ತದೆ.

ಬೆಳಗಾವಿಯಲ್ಲಿ 1820ರಲ್ಲಿ ಲಂಡನ್ ಮಿಷನ್ನಿನವರು ಆರಂಭಿಸಿದ ಕೆಲಸ 1904ರಲ್ಲಿ ಮೆಥೋಡಿಸ್ಟರ ಕೈಗೆ ಬಂದಿತು. ಆ ಮೆಥೋಡಿಸ್ಟ್ ಪರಂಪರೆಯ ಮೂಲಪುರುಷರಾದ ಜಾನ್ ವೆಸ್ಲಿ 1743ರಲ್ಲಿ ತಮ್ಮ ಕೂಟಗಳಿಗಾಗಿ ಬರೆದ ನಿಯಮಗಳಲ್ಲಿ ಅನ್ಯಾಯದ ಬಡ್ಡಿಯನ್ನೂ, ತೀರಿಸುವ ದಾರಿಯಿಲ್ಲದೆ ಸಾಲ ಮಾಡುವುದನ್ನೂ, ಸುಂಕ ತಪ್ಪಿಸಿದ ಸರಕಿನ ವ್ಯಾಪಾರವನ್ನೂ ಬಿಡಬೇಕಾದ ಕೆಡುಕುಗಳ ಸಾಲಿಗೆ ಸೇರಿಸಿದ್ದರು. ಭಕ್ತಿಯ ಬದುಕಿಗೂ ಸಾಲದ ಪತ್ರಕ್ಕೂ ಸಂಬಂಧವಿದೆಯೆಂಬುದು ಹಿಂದಿನವರಿಗೆ ಚೆನ್ನಾಗಿ ತಿಳಿದಿತ್ತು.

ಈ ಹಂತಕ್ಕೆ ಎರಡು ವಾರ ಕೊಡಿರಿ. ಯಾರಿಗೆ ಎಷ್ಟು ಬಾಕಿ ಇದೆಯೆಂದು ಪಟ್ಟಿ ಮಾಡಿ, ಅದರಲ್ಲಿ ಎಲ್ಲರಿಗಿಂತ ಬಡವರಾದವರ ಬಾಕಿಯನ್ನು ಮೊದಲು ತೀರಿಸಿರಿ.

4. ಹಬ್ಬ, ಪ್ರಸಾದ, ನೆರೆಹೊರೆ

ಪ್ರಶ್ನೆಗಳು ಅತಿಯಾಗಿ ಬರುವುದು ಇಲ್ಲೇ. ಕೊರಿಂಥ ಪಟ್ಟಣದ ವಿಶ್ವಾಸಿಗಳೂ ಇಂಥದ್ದೇ ಊರಿನಲ್ಲಿದ್ದರು. ಪೇಟೆಯ ಮಾಂಸ, ನೆಂಟರ ಊಟ, ದೇವಾಲಯದ ಪಂಕ್ತಿ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಪೌಲನು ಅವರಿಗೆ ಬರೆದ ಮೊದಲನೆಯ ಪತ್ರಿಕೆಯ 8ರಿಂದ 10ನೇ ಅಧ್ಯಾಯಗಳವರೆಗೆ ಕೊಟ್ಟ ಉತ್ತರದಲ್ಲಿ ನಾಲ್ಕು ಸಂದರ್ಭಗಳನ್ನು ಬೇರೆ ಬೇರೆಯಾಗಿ ನೋಡುತ್ತಾನೆ. ಪೇಟೆಯಲ್ಲಿ ಮಾರುವುದನ್ನು ವಿಚಾರಿಸದೆ ಕೊಂಡು ತಿನ್ನಿರಿ. ಅನ್ಯರೊಬ್ಬರು ಊಟಕ್ಕೆ ಕರೆದು ನಿಮಗೆ ಹೋಗಲು ಮನಸ್ಸಿದ್ದರೆ ಬಡಿಸಿದ್ದನ್ನು ವಿಚಾರಿಸದೆ ಊಟಮಾಡಿರಿ. ಅಲ್ಲಿ ಒಬ್ಬರು ಇದು ನೈವೇದ್ಯಮಾಡಿದ್ದು ಎಂದು ತಿಳಿಸಿದರೆ, ಆ ತಿಳಿಸಿದವರ ಮನಸ್ಸಾಕ್ಷಿಯ ನಿಮಿತ್ತ ತಿನ್ನಬೇಡಿರಿ. ಪೂಜೆಯಲ್ಲಿಯೇ ಪಾಲುಗೊಳ್ಳುವ ಪಂಕ್ತಿಗೆ ಮಾತ್ರ ಕೂಡಬೇಡಿರಿ, ಏಕೆಂದರೆ ಕರ್ತನ ಮೇಜಿನಲ್ಲಿ, ಅಂದರೆ ಯೇಸುವಿನ ನೆನಪಿಗಾಗಿ ಸಭೆಯಲ್ಲಿ ನಡೆಯುವ ಕರ್ತನ ಭೋಜನದಲ್ಲಿ, ಪಾಲುಗೊಂಡವರು ಇನ್ನೊಂದು ಮೇಜಿನಲ್ಲಿ ಪಾಲುಗೊಳ್ಳಲಾಗದು.

ಇದನ್ನು ನಮ್ಮ ಓಣಿಗೆ ತಂದು ನೋಡೋಣ. ಪಂಚಮಿಯ ಉಂಡಿ, ಸಂಕ್ರಾಂತಿಯ ಕುಸುರೆಳ್ಳು, ಎಳ್ಳ ಅಮಾವಾಸ್ಯೆಯ ಹೊಲದ ಊಟ ಇವು ಹೆಚ್ಚಿನ ಮಟ್ಟಿಗೆ ನೆರೆಯವರ ಪ್ರೀತಿಯ ಪಾಲು. ಎಡೆ ಹಿಡಿದದ್ದೆಂದು ಅವರಾಗಿ ಹೇಳದಿದ್ದರೆ ತೆಗೆದುಕೊಂಡು, ದೇವರಿಗೆ ಸ್ತೋತ್ರ ಹೇಳಿ ತಿನ್ನಲು ನನ್ನ ತಿಳಿವಳಿಕೆಯಲ್ಲಿ ಅಡ್ಡಿಯಿಲ್ಲ. ಹೊಲದಲ್ಲಿ ಚರಗ ಚೆಲ್ಲುವುದು, ಅಂದರೆ ಅಡುಗೆಯನ್ನು ಭೂತಾಯಿಗೆಂದು ಹೊಲದ ತುಂಬ ಎರಚುವುದು, ಬೇರೆ. ಅದು ಅರ್ಪಣೆ, ಅದರಲ್ಲಿ ನೀವು ಕೈಗೂಡಿಸಬೇಕಾಗಿಲ್ಲ. ದೇವಸ್ಥಾನದ ಪ್ರಸಾದವನ್ನು ಪ್ರಸಾದವೆಂದೇ ಹೇಳಿ ಕೊಟ್ಟಾಗ ಎರಡೂ ಕೈಜೋಡಿಸಿ ನಯವಾಗಿ ಬೇಡವೆನ್ನಿರಿ. ಬನ್ನಿಯ ವಿಷಯದಲ್ಲಿ ವಿಶ್ವಾಸಿಗಳಲ್ಲೇ ಎರಡು ಅಭಿಪ್ರಾಯಗಳಿವೆ: ಬನ್ನಿಯ ಗಿಡಕ್ಕೆ ಪೂಜೆ ಸಲ್ಲುವುದರಿಂದ ಎಲೆಯೂ ಬೇಡವೆನ್ನುವವರಿದ್ದಾರೆ, ಬಂಗಾರದಂತೆ ಇರೋಣ ಎಂಬ ಹಾರೈಕೆಯನ್ನು ಮಾತ್ರ ಸ್ವೀಕರಿಸುತ್ತೇವೆನ್ನುವವರೂ ಇದ್ದಾರೆ. ನಿಮ್ಮ ಮನಸ್ಸಾಕ್ಷಿ ಬಲಹೀನವಾಗಿದ್ದರೆ ತೆಗೆದುಕೊಳ್ಳಬೇಡಿರಿ. ಪೌಲನ ಬರಹದಲ್ಲಿ ‘ಬಲಹೀನ ಮನಸ್ಸಾಕ್ಷಿ’ ಎಂದರೆ ಹಳೆಯ ಪೂಜೆಯ ನೆನಪು ಇನ್ನೂ ಬಿಡದ, ತಿಂದರೆ ತಪ್ಪುಮಾಡಿದಂತೆ ಕುಗ್ಗುವ ಮನಸ್ಸು. ಎಲೆ ಬೇಡವಾದರೂ ಆ ಹಿರಿಯರ ಕಾಲಿಗೆರಗಿ, ಕೈಹಿಡಿದು ಶುಭ ಕೋರುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಗಣಪತಿಯ ಪಟ್ಟಿಗೆ ಹೀಗೆ ಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ: ಪೂಜೆಗೆಂದು ಕೊಡುವುದಿಲ್ಲವೆಂದು ಮರೆಮಾಚದೆ ಹೇಳಿರಿ, ಆದರೆ ಅದೇ ಹುಡುಗರು ಓಣಿಯ ಚರಂಡಿ, ಶಾಲೆ, ಯಾರದೋ ಆಸ್ಪತ್ರೆಯ ಖರ್ಚು ಎಂದು ಕೇಳಲು ಬಂದಾಗ ಎಲ್ಲರಿಗಿಂತ ಮುಂಚೆ ಕೊಡಿರಿ. ಸೆರೆಹೋದ ಯೆಹೂದ್ಯರು ಬಾಬೆಲಿನಲ್ಲಿ ಆ ಪಟ್ಟಣದ ಕ್ಷೇಮವನ್ನೇ ಹಾರೈಸಬೇಕೆಂದು ಯೆರೆಮೀಯನು 29ನೇ ಅಧ್ಯಾಯದಲ್ಲಿ ಬರೆದು ಕಳುಹಿಸಿದ್ದನು.

ಹೇಳುವ ರೀತಿಯೂ ಹೇಳುವ ವಿಷಯದಷ್ಟೇ ಮುಖ್ಯ. ನೆರೆಮನೆಯ ಕಾಕಾ ಗೃಹಪ್ರವೇಶಕ್ಕೆ ಕರೆದರೆ, “ಕಾಕಾರ, ಪೂಜಾಕ ನಾ ಕೂಡಂಗಿಲ್ರಿ, ತಪ್ಪ ತಿಳಕೋಬ್ಯಾಡ್ರಿ. ಆದ್ರ ಮುಂಜಾನಿಂದ ನೀರ ತುಂಬಾಕ, ಪೆಂಡಾಲ ಹಾಕಾಕ ನಮ್ಮ ಮನಿಯವ್ರೆಲ್ಲಾ ಬರ್ತೀವ್ರಿ” ಎಂದು ಮೊದಲೇ ಹೋಗಿ ಹೇಳಿರಿ. ಹಿಂದಿನ ದಿನದವರೆಗೆ ಸುಮ್ಮನಿದ್ದು, ಅಂದು ಬಾಗಿಲು ಹಾಕಿಕೊಂಡು ಕುಳಿತರೆ ಅವರಿಗೆ ನಿಮ್ಮ ವಿಶ್ವಾಸ ಕಾಣುವುದಿಲ್ಲ, ನಿಮ್ಮ ಗರ್ವ ಕಾಣುತ್ತದೆ. ಬಾಬೆಲಿಗೆ ಸೆರೆಹೋದ ದಾನಿಯೇಲನೂ ಅಲ್ಲಿನ ಅರಸನ ಊಟವನ್ನು ತಳ್ಳಿ ಎದ್ದುಹೋಗಲಿಲ್ಲ; ಮೇಲಧಿಕಾರಿಯನ್ನು ವಿನಯದಿಂದ ಬೇಡಿಕೊಂಡನು, ಅವನು ಹೆದರಿದಾಗ ಮೇಲ್ವಿಚಾರಕನಿಗೆ 10 ದಿನಗಳ ಪರೀಕ್ಷೆಯ ದಾರಿಯನ್ನು ತೋರಿಸಿದನು. ಅದೇ ದಾನಿಯೇಲನು ಕಸ್ದೀಯರ (ಬಾಬೆಲಿನವರ) ಭಾಷೆಯನ್ನೂ ವಿದ್ಯೆಯನ್ನೂ ಕಲಿತನು, ಅವರಿಟ್ಟ ಹೆಸರಿಗೂ ಓಗೊಟ್ಟನು ಎಂಬುದನ್ನು ನಾವು ಮರೆಯುತ್ತೇವೆ.

ಇಲ್ಲಿ ಒಂದು ಕಟ್ಟುನಿಟ್ಟಾದ ಎಚ್ಚರಿಕೆ. ನೆರೆಯವರ ದೇವರನ್ನು ಹೀಯಾಳಿಸುವುದು ಪ್ರತ್ಯೇಕತೆಯಲ್ಲ. ಎಫೆಸದಲ್ಲಿ ಗಲಭೆಯೆದ್ದಾಗ ಆ ಪಟ್ಟಣದ ಅಧಿಕಾರಿಯೇ ಎದ್ದುನಿಂತು, ಪೌಲನ ಜೊತೆಗಾರರು ದೇವಸ್ಥಾನವನ್ನು ಕೊಳ್ಳೆಹೊಡೆದವರೂ ಅಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂದು ಸಾಕ್ಷಿ ಹೇಳಿದನೆಂದು ಅಪೊಸ್ತಲರ ಕೃತ್ಯಗಳು 19ರಲ್ಲಿದೆ. ನಿಮ್ಮ ಊರಿನ ಪಂಚರು ನಿಮ್ಮ ಬಗ್ಗೆ ಹಾಗೆ ಹೇಳುವಂತಿರಬೇಕು.

5. ಸಭೆಯೊಳಗೆ ಬಂದು ಕುಳಿತಿರುವ ಲೋಕ

ಹೊರಗಿನ ಹಬ್ಬಕ್ಕೆ ಹೆದರುವ ನಾವು ಒಳಗಿನ ಜಾತಿಗೆ ಹೆದರುವುದಿಲ್ಲ. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಲ್ಲಿ ಕುಡಿದು, ಮಗಳ ಸಂಬಂಧ ನೋಡುವಾಗ ಮೂಲ ಜಾತಿಯನ್ನು ವಿಚಾರಿಸುವುದು ಎಷ್ಟೋ ಊರುಗಳಲ್ಲಿ ನಡೆದಿದೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳೊಂದಿಗೆ, ಊಟಮಾಡುತ್ತಿದ್ದವನು, ಕೆಲವು ಯೆಹೂದ್ಯ ವಿಶ್ವಾಸಿಗಳು ಯೆರೂಸಲೇಮಿನಿಂದ ಬಂದೊಡನೆ ಹಿಂದೆಗೆದು ತನ್ನನ್ನು ಪ್ರತ್ಯೇಕಿಸಿಕೊಂಡನು. ಪೌಲನು ಅವನನ್ನು ಎಲ್ಲರ ಮುಂದೆ ಮುಖಾಮುಖಿಯಾಗಿ ಗದರಿಸಿದ್ದು ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿದೆ. ತಪ್ಪಾದ ಪ್ರತ್ಯೇಕತೆಯೂ ಒಂದಿದೆ, ಅಪೊಸ್ತಲನೂ ಅದರಲ್ಲಿ ಬಿದ್ದನು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿ ನೆಲೆಯೂರಿದಾಗಲೂ ಜಾತಿಯನ್ನು ಸಭೆಯೊಳಗೆ ಒಪ್ಪಿಕೊಳ್ಳಲಿಲ್ಲ. ಈ ಹಂತದಲ್ಲಿ ಮಾಡಬೇಕಾದದ್ದು ಒಂದೇ: 40 ದಿನಗಳೊಳಗೆ, ನಿಮ್ಮ ಮನೆಯವರು ಇದುವರೆಗೆ ಊಟಕ್ಕೆ ಕರೆಯದಿದ್ದ ಸಭೆಯ ಒಂದು ಮನೆಯವರನ್ನು ಕರೆದು, ನಿಮ್ಮ ಅಡುಗೆಮನೆಯಲ್ಲಿ ನಿಮ್ಮ ತಾಟಿನಲ್ಲಿಯೇ ಬಡಿಸಿರಿ, ಅವರ ಮನೆಗೂ ಹೋಗಿ ಉಣ್ಣಿರಿ.

6. ಉಡುಪು, ಸಿನಿಮಾ, ಮೊಬೈಲು

ಇದನ್ನು ಬೇಗ ಮುಗಿಸುತ್ತೇನೆ. ಒಡವೆ ಹಾಕದಿರುವ ಸಭೆಗೆ ನೀವು ಸೇರಿದ್ದರೆ ಅದನ್ನು ಸಂತೋಷದಿಂದ ಪಾಲಿಸಿರಿ, ಹಾಕಿಕೊಂಡವಳನ್ನು ಮಾತ್ರ ತೂಗಬೇಡಿರಿ. ಹಿಡಿಯಬೇಡ, ರುಚಿನೋಡಬೇಡ, ಮುಟ್ಟಬೇಡ ಎಂಬ ಕಟ್ಟಳೆಗಳು ನೋಡಲು ಜ್ಞಾನದಂತೆ ಕಂಡರೂ ಒಳಗಿನ ಆಶೆಯನ್ನು ತಡೆಯಲಾರವೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಎಚ್ಚರಿಸುತ್ತದೆ. ಅಂತರಂಗ ಶುದ್ಧಿ, ಬಹಿರಂಗ ಶುದ್ಧಿ ಎಂಬ ಮಾತುಗಳನ್ನು ಕೂಡಲಸಂಗಮದ ಈ ನೆಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಕ 7ರಲ್ಲಿ ಯೇಸುವೂ ಮನುಷ್ಯನನ್ನು ಹೊಲೆಮಾಡುವುದು ಒಳಗಿನಿಂದ ಹೊರಡುವಂಥದ್ದು ಎಂದನು. ಮೊಬೈಲಿಗೆ ಒಂದು ಸುಲಭದ ಕ್ರಮ: ರಾತ್ರಿ ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿರಿ, ಬೆಳಿಗ್ಗೆ ಸತ್ಯವೇದವನ್ನು ಓದಿದ ಮೇಲೆ ಕೈಗೆತ್ತಿಕೊಳ್ಳಿರಿ.

7. ಮನೆಯವರು ಬೇರೆ ನಂಬಿಕೆಯಲ್ಲಿದ್ದರೆ

ಹೋರಿಯನ್ನೂ ಕತ್ತೆಯನ್ನೂ ಒಂದೇ ನೊಗಕ್ಕೆ ಕಟ್ಟಬಾರದೆಂದು ಧರ್ಮೋಪದೇಶಕಾಂಡ 22ರಲ್ಲಿದೆ. ನಡಿಗೆ ಹೊಂದದ ಜೋಡಿಯಿಂದ ಸಾಲು ಸೊಟ್ಟಗಾಗುವುದನ್ನೂ, ಎರಡೂ ಪ್ರಾಣಿಗಳ ಹೆಗಲು ಗಾಯವಾಗುವುದನ್ನೂ ಹೊಲ ಉತ್ತವರು ಬಲ್ಲರು. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಈ ನೊಗದ ಮಾತನ್ನು ಎತ್ತಿದ್ದು ಇನ್ನು ಮೇಲೆ ಕಟ್ಟಿಕೊಳ್ಳುವ ಜೋಡಿಗೆ ಎಚ್ಚರಿಕೆಯಾಗಿದೆ. ಈಗಾಗಲೇ ಮದುವೆಯಾಗಿರುವವರಿಗೆ ಅದೇ ಪೌಲನು ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯದಲ್ಲಿ, ಸಂಗಾತಿ ಜೊತೆಯಲ್ಲಿರಲು ಒಪ್ಪಿದರೆ ಬಿಡಬಾರದೆಂದು ಹೇಳಿದ್ದಾನೆ. ಆದ್ದರಿಂದ ಗಂಡ ದೇವರ ಕೋಣೆಯಲ್ಲಿ ದೀಪ ಹಚ್ಚಿದರೆ ಜಗಳ ತೆಗೆಯಬೇಡಿರಿ, ನಿಮ್ಮ ಪ್ರಾರ್ಥನೆಯನ್ನೂ ಬಿಡಬೇಡಿರಿ. ಅತ್ತೆಮಾವಂದಿರ ಸೇವೆಯಲ್ಲಿ ಮೊದಲಿಗಿಂತ ಕೊರತೆಯಾದರೆ ನಿಮ್ಮ ಪ್ರತ್ಯೇಕತೆ ಎಲ್ಲೋ ದಾರಿ ತಪ್ಪಿದೆ.

ಮಕ್ಕಳ ವಿಷಯದಲ್ಲಿ ಇನ್ನಷ್ಟು ಮೃದುವಾಗಿರಿ. ನೀವು ಮಾಡಿದ ತೀರ್ಮಾನದ ಭಾರವನ್ನು ಶಾಲೆಯ ಗ್ಯಾದರಿಂಗಿನಲ್ಲಿ ಒಂಟಿಯಾಗಿ ನಿಂತ ಎಂಟು ವರ್ಷದ ಮಗುವಿನ ಮೇಲೆ ಹೊರಿಸಬೇಡಿರಿ. ನೀವೇ ಹೋಗಿ ಶಿಕ್ಷಕರೊಂದಿಗೆ ಮಾತಾಡಿರಿ.

ಯಾರಾದರೂ ಪ್ರತ್ಯೇಕತೆಯ ಹೆಸರಿನಲ್ಲಿ ತಂದೆತಾಯಿಗಳನ್ನು ನೋಡಲು ಹೋಗಬೇಡ, ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನಿಲ್ಲಿಸು, ಸಂಬಳವನ್ನೆಲ್ಲ ನಮ್ಮ ಕೈಗೆ ಕೊಡು ಎಂದು ಹೇಳಿದರೆ, ಅವರು ಎಷ್ಟೇ ವಚನಗಳನ್ನು ಬಾಯಿಪಾಠ ಹೇಳಲಿ, ಅಲ್ಲಿಂದ ಎದ್ದು ಬನ್ನಿರಿ. ಹೊರಟುಬಂದು ಪ್ರತ್ಯೇಕವಾಗಿರಿ ಎಂಬ ಮಾತು ಅಂಥ ಕೂಟಕ್ಕೆ ಮೊದಲು ಅನ್ವಯಿಸುತ್ತದೆ.

8. ಬಿದ್ದಾಗ, ಮತ್ತು 40ನೆಯ ದಿನ

ನಡುವೆ ಬೀಳುವಿರಿ. ಬಿದ್ದ ದಿನ ನೋಟ್‌ಬುಕ್ಕಿನಲ್ಲಿ ಬರೆದು, ಆ ಹಿರಿಯರಿಗೆ ತಿಳಿಸಿ, ಪ್ರಾರ್ಥಿಸಿ, ಮರುದಿನದಿಂದ ಮುಂದುವರಿಯಿರಿ. ಎಣಿಕೆಯನ್ನು ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಬೀಳದೆ ಇದ್ದೇನೆಂಬ ಹಿಗ್ಗು ಬಂದರೆ ಲೂಕ 18ರಲ್ಲಿರುವ, ತಾನು ಇತರರಂತಲ್ಲವೆಂದು ಹಿಗ್ಗಿದ ಫರಿಸಾಯನ ಪ್ರಾರ್ಥನೆಯನ್ನು ಓದಿರಿ.

40ನೆಯ ದಿನ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಬೇಡಿರಿ, ಬೇರೆಯವರನ್ನು ಕೇಳಿರಿ. ಮೊದಲು ಮನೆಯವರನ್ನು, ಆಮೇಲೆ ನಿಮ್ಮ ಕೈಕೆಳಗೆ ದುಡಿಯುವವರನ್ನು ಅಥವಾ ಜೊತೆಗೆ ದುಡಿಯುವವರನ್ನು, ಕಡೆಗೆ ಪೂಜೆಗೆ ಕೂಡುವುದಿಲ್ಲವೆಂದು ನೀವು ಹೇಳಿದ್ದ ಆ ಕಾಕಾ ಅವರನ್ನು. ‘ಈ ತಿಂಗಳು ನನ್ನಿಂದ ನಿಮಗೆ ಏನಾದರೂ ಬೇಸರವಾಯಿತೇ’ ಎಂದು ಕೇಳಿ, ಸಮಜಾಯಿಷಿ ಕೊಡದೆ ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳಿರಿ. ಮುಂದಿನ ಸಲ ಆರಂಭಿಸುವಾಗ ಆ ಪುಟವನ್ನು ಮೊದಲು ತೆರೆಯಿರಿ.